ಎಡಚಿ ಸೋನಿಬಾಯಿಯ ಶನಿವಾರ

ಗೋವೆಯ ಚಿಂಬಲ್ಲಿನಲ್ಲಿ ಕಸೂತಿ ಕ್ಲಾಸು ಅಂದರೆ ಸೋನಿಬಾಯಿ ಅಂತಿದ್ದ ಕಾಲವೊಂದಿತ್ತು. ವಿಜಾಪುರದ ಕಡೆಯ ಲಂಬಾಣಿ ತಾಂಡಾದವಳು. ಗೋವೆಗೆ ಬಂದವಳು ಹತ್ತು ವರ್ಷ ಕಲಂಗುಟದ ಕಡಲದಂಡೆಯ ಮರಳಿನಲ್ಲಿ ಕನ್ನಡಿ ಕೂರಿಸಿದ ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಮಾರಿದಳು. ಎಂಬತ್ತೆಂಟನೇ ಇಸವಿಯಲ್ಲಿ ಒಂದು ಸಂಸ್ಥೆ, ಕಟ್ಟಡ ಕೆಲಸದವರ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸಲು ಕೋಣೆ ಹಿಡಿದಾಗ, ಅಕ್ಷರ ಬಾರದ ಇವಳನ್ನೇ ಕರೆದು ಟೀಚರ್ ಮಾಡಿತು. ಬಿಸಿಲು ತಪ್ಪಿತು, ತಿಂಗಳ ಪಗಾರ ಸಿಕ್ಕಿತು.

ಅವಳ ಕ್ಲಾಸಿನಲ್ಲಿ ಶನಿವಾರಕ್ಕೊಂದು ಪದ್ಧತಿ. ಸಮುದ್ರದ ದಂಡೆಯ ಹೆಂಗಸರು ಬೆಳಿಗ್ಗೆ ಅಂಗಡಿ ಹಾಸುವ ಮೊದಲು ಒಬ್ಬರ ಚೀಲ ಒಬ್ಬರು ಮಗುಚಿ, ಗಿರಾಕಿ ಎತ್ತಿ ತೋರಿಸುವ ತಪ್ಪನ್ನು ತಾವೇ ಹುಡುಕುತ್ತಿದ್ದರು. ಅದನ್ನೇ ಇಲ್ಲಿಗೂ ತಂದಳು. ಹನ್ನೆರಡು ಹುಡುಗಿಯರು ತಮ್ಮ ಬಟ್ಟೆಗಳನ್ನು ಚಾಪೆಯ ಮೇಲೆ ಬೋರಲು ಹಾಕಬೇಕು, ಬೇರೆಯವರದನ್ನು ಎತ್ತಿಕೊಳ್ಳಬೇಕು, ಚಲೋ ಇದ್ದದ್ದೊಂದು, ಬಿಚ್ಚಿ ಹೊಲಿಯಬೇಕಾದದ್ದೊಂದು ಹೇಳಬೇಕು. ಮೊದಮೊದಲು ಇಬ್ಬರು ಅತ್ತರು, ಒಬ್ಬಳು ಸೂಜಿ ಎಸೆದು ಹೋಗಿ ವಾರದ ಮೇಲೆ ತಿರುಗಿ ಬಂದಳು. ಎರಡು ತಿಂಗಳಲ್ಲಿ ಹೊಲಿಗೆ ಹಸನಾಯಿತು.

ಓರೆ ಹೊಲಿಗೆ ಮಾತ್ರ ಹಸನಾಗಲಿಲ್ಲ. ಬಲಕ್ಕೆ ವಾಲಬೇಕಾದದ್ದು ಎಡಕ್ಕೆ ವಾಲುತ್ತಿತ್ತು. ಸೋನಿಬಾಯಿ ಬೈದಳು, ಬಿಚ್ಚಿಸಿದಳು, ಮತ್ತೆ ಅದೇ. ಎಲ್ಲರದೂ ಒಂದೇ ತಪ್ಪಾದರೆ ಅದರ ಬೇರು ತನ್ನಲ್ಲೇ ಇರಬೇಕು ಅನ್ನಿಸಿ, ಒಂದು ಶನಿವಾರ ತನ್ನ ಬಟ್ಟೆಯನ್ನೂ ಚಾಪೆಯ ಮೇಲೆ ಹಾಕಿದಳು. ಯಾರೂ ಮುಟ್ಟಲಿಲ್ಲ. ಕೊನೆಗೆ ಗೌಂಡಿ ಮಲಿಕಸಾಬನ ಮಗಳು ಜುಲೇಖಾ ಎತ್ತಿಕೊಂಡಳು.

"ಅಕ್ಕಾ, ಹೊಲಿಗಿ ಚಲೋ ಐತಿ. ಕಲಸೂದರಾಗ ತಪ್ಪೈತಿ. ನೀ ಎಡಚಿ. ನಿನ್ನ ಮಗ್ಗಲದಾಗ ಕುಂತು ನೋಡಿದ್ರ ನಮ್ಮ ಕೈ ಉಲ್ಟಾ ಹೊಕ್ಕಾವು. ನಮ್ಮ ಎದುರಿಗಿ ಕುಂಡ್ರು."

ತಾಂಡಾದಲ್ಲಿ ತಾಯಿಯ ಮಗ್ಗುಲಿಗೆ ಭುಜ ತಾಗಿಸಿ ಕೂತೇ ಕಲಿಯುವುದು. ಸೋನಿಬಾಯಿಯೂ ಹಾಗೇ ಕೂರಿಸಿಕೊಂಡಿದ್ದಳು.

ಬಾಗಿಲಲ್ಲಿ ಸಂಸ್ಥೆಯ ಮೇಲ್ವಿಚಾರಕ ಮೋತಿಲಾಲ ನಿಂತಿದ್ದ, ಎಲ್ಲ ಕೇಳಿಸಿಕೊಂಡಿದ್ದ. ಕಲಿಯುವವಳು ಕಲಿಸುವವಳ ತಪ್ಪು ಎಣಿಸುವುದು ಯಾವ ಶಿಸ್ತು ಎಂದು ರೇಗಿದ. ಸೋಮವಾರದೊಳಗೆ ಈ ಹುಡುಗಿಯ ಹೆಸರು ಹೊಡೆದುಹಾಕು, ಇಲ್ಲವೇ ಕೋಣೆಯ ಬೀಗದಕೈ ಕೊಡು ಎಂದ.

"ಹುಡುಗಿ ಹೇಳಿದ್ದು ಸುಳ್ಳೇನ್ರಿ?" ಸೋನಿಬಾಯಿ ಕೇಳಿದಳು.

ಪ್ರಶ್ನೆ ಅದಲ್ಲ ಎಂದ ಅವನು.

"ನನಗ ಅದ ಪ್ರಶ್ನಿರಿ, ಸಾಹೇಬ್ರ. ಹನ್ನೊಂದು ಮಂದಿ ಅಂಜಿ ಸುಮ್ನ ಕುಂತಿದ್ರು. ಈಕಿ ಒಬ್ಬಾಕಿ ನನಗ ಕಲಿಸಿದ್ಲು. ಈಕಿನ್ನ ಹೊರಗ ಹಾಕಿ ನಾ ಒಳಗ ಕುಂಡ್ರಂಗಿಲ್ಲ."

ಬೀಗದಕೈ ಅವನ ಕಾಲ ಮುಂದಿಟ್ಟಳು. ಮನೆಯಲ್ಲಿ ಗಂಡ ಖೇಮಪ್ಪ, ತಪ್ಪಾತು ಅಂದಿದ್ದರೆ ನಾಲಿಗೆ ಸವೆಯುತ್ತಿತ್ತೇ ಎಂದು ಹಂಗಿಸಿದ.

"ಮತ್ತ ಉಸುಕಿನ್ಯಾಗ ತಿರಗತಿಯೇನ?"

"ತಿರಗತೇನಿ."

ಸೋಮವಾರ ಅವಳ ಗುಡಿಸಲ ಹಿತ್ತಲಿಗೆ ಏಳು ಹುಡುಗಿಯರು ಬಂದರು. ಉಳಿದ ಐವರನ್ನು, ಸಂಸ್ಥೆಯ ಸರ್ಟಿಫಿಕೇಟು ತಪ್ಪೀತೆಂದು ತಾಯಂದಿರು ಕಳಿಸಲಿಲ್ಲ. ಸೋನಿಬಾಯಿ ಎದುರಿಗೆ ಕೂತು ಎಡಗೈ ಎತ್ತಿದಳು, ಏಳು ಬಲಗೈಗಳು ಎದ್ದವು. ಊಟದ ಹೊತ್ತಿಗೆ ಓರೆ ಹೊಲಿಗೆ ಬಲಕ್ಕೆ ವಾಲಿತ್ತು. ಮಧ್ಯಾಹ್ನ ಅವಳು ಚೀಲಗಳನ್ನು ಹೊತ್ತು ದಂಡೆಗೆ ಹೋದಳು. ಮುಂದೆಯೂ ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಮರಳು.

ಮಳೆಗಾಲಕ್ಕೆ ಮುಂಚೆ, ಕೋಣೆಯಲ್ಲೇ ಉಳಿದಿದ್ದ ಐವರಲ್ಲಿ ಒಬ್ಬಳಾದ ಭಾಗವ್ವನ ಕೈಯಲ್ಲಿ ಮೋತಿಲಾಲ ಹೇಳಿಕಳಿಸಿದ. ಹೊಸ ಟೀಚರು ನಿಲ್ಲಲಿಲ್ಲ, ತಿರುಗಿ ಬಾ, ಜುಲೇಖಾಳೂ ಬರಲಿ, ಆದರೆ ಆ ಶನಿವಾರದ ಪದ್ಧತಿ ಬೇಡ.

ಸೋನಿಬಾಯಿ ಸೂಜಿಗೆ ದಾರ ಪೋಣಿಸುತ್ತಲೇ ಉತ್ತರ ಕೊಟ್ಟಳು.

"ಶನಿವಾರ ಬಿಟ್ಟು ಬರಂಗಿಲ್ಲಂತ ಹೇಳವಾ. ಬೇಕಂದ್ರ ಅವ್ರೂ ಬಂದು ಚಾಪಿ ಮ್ಯಾಲ ಕುಂಡ್ರಲಿ, ಹುಡುಗ್ಯಾರು ಅವರ ತಪ್ಪೂ ಹೇಳ್ತಾರ."

ಭಾಗವ್ವ ತಕ್ಷಣ ಎದ್ದು ಹೋಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ತನ್ನ ಕಸೂತಿ ಬಟ್ಟೆಯನ್ನು ತೆಗೆದು ಜುಲೇಖಾಳ ಕೈಗಿಟ್ಟು, ಇದರಲ್ಲಿ ಏನು ಬಿಚ್ಚಬೇಕು ನೋಡು ಎಂದಳು. ಉತ್ತರ ಮೋತಿಲಾಲನಿಗೆ ಮುಟ್ಟಿದ್ದು ಮರುದಿನ.