ಐವತ್ತರ ಯುವನಾಯಕ

ಮೂಡಲಗಿಯ ಯಲ್ಲಾಲಿಂಗನಿಗೆ ಐವತ್ತು ದಾಟಿತ್ತು. ಆದರೂ ಪ್ರಾರ್ಥನಾಲಯದ ಯುವಜನ ಸಂಘಕ್ಕೆ ಅವನೇ ಅಧ್ಯಕ್ಷ. ಅಜ್ಜನ ಕಾಲಕ್ಕೇ ಕ್ರೈಸ್ತರಾದ ಮನೆತನ, ಹೆಸರು ಮಾತ್ರ ಊರಿನದೇ ಉಳಿದಿತ್ತು. ಗಿರಣಿಯಲ್ಲಿ ಹಗಲೆಲ್ಲ ಹಿಟ್ಟಿನ ಧೂಳು ಕುಡಿಯುವವನನ್ನು ಊರಲ್ಲಿ ಯಾರು ‘ಅಧ್ಯಕ್ಷರೇ’ ಎಂದಾರು? ಸಂಘದಲ್ಲಿ ಅನ್ನುತ್ತಿದ್ದರು. ಆ ಒಂದು ಮಾತಿಗಾಗಿ ಆಸಾಮಿ ಕುರ್ಚಿಯನ್ನು ಉಡದಂತೆ ಕಚ್ಚಿಕೊಂಡಿದ್ದ. ವರ್ಷಕ್ಕೊಮ್ಮೆ ಚುನಾವಣೆಯೂ ನಡೆಯುತ್ತಿತ್ತು. “ಯಾರದರ ವಿರೋಧ ಐತೇನ್ರಿ?” ಎಂದು ಅವನೇ ಕೇಳುತ್ತಿದ್ದ, ಉತ್ತರ ಬರುವ ಮೊದಲೇ ಅವನೇ ಚಪ್ಪಾಳೆ ತಟ್ಟುತ್ತಿದ್ದ.

ಹುಡುಗರ ಪಾಲಿಗೆ ಉಳಿದಿದ್ದು ಜಮಖಾನ ಹಾಸುವುದು, ಚಹಾ ಹಂಚುವುದು. ಅದಕ್ಕೇ ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು. ಈಗಿನವರಿಗೆ ಭಕ್ತಿಯೇ ಇಲ್ಲವೆಂದು ಯಲ್ಲಾಲಿಂಗ ತೀರ್ಪು ಕೊಟ್ಟು ಕೈತೊಳೆದುಕೊಂಡಿದ್ದ.

ಮಮದಾಪುರದ ವಿಜಯಶ್ರೀ ಮಾತ್ರ ಪಟ್ಟು ಬಿಡಲಿಲ್ಲ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುವ ಹುಡುಗಿ.

“ಕಾಕಾ, ಶನಿವಾರ ಸಂಜಿಮುಂದ ಸಂಘದ ಹಾಲಿನ ಬಾಗಿಲಾ ತಗದ ಕೊಡ್ರಿ. ಹಾಡು ಹೇಳ್ತೀವಿ, ಹತ್ತನೇ ಕ್ಲಾಸಿನ ಹುಡುಗರಿಗೆ ಗಣಿತ ಹೇಳಿಕೊಡ್ತೀವಿ. ನಾವ ನಡಸ್ತೀವ್ರಿ.”

“ನೋಡೂಣಂತ ತಂಗಿ, ಗಡಿಬಿಡಿ ಏನೈತಿ?”

‘ನಾವ ನಡಸ್ತೀವಿ’ ಎಂಬ ಮಾತೇ ಅವನ ಎದೆಗೆ ನಾಟಿತ್ತು. ಇವರೇ ನಡೆಸಿದರೆ ನಾನು ಯಾತಕ್ಕೆ?

ಅಷ್ಟರಲ್ಲಿ ವಿಜಯಶ್ರೀ ಇನ್ನೊಂದು ಸುದ್ದಿ ತಂದಳು. ಅವಳ ಕಾಲೇಜಿಗೆ ಘಾನಾ ದೇಶದಿಂದ ಎಬೆನೆಜರ್ ಎಂಬ ತರುಣ ಓದಲು ಬಂದಿದ್ದ. ಅವನ ಊರಿನ ಯುವಜನ ಸಂಘ ಮರದ ನೆರಳಲ್ಲಿ ಹುಟ್ಟಿ, ಈಗ ಕೂಡಲು ಜಾಗ ಸಾಲದಷ್ಟು ಬೆಳೆದಿದೆಯಂತೆ. ಅವನನ್ನು ಕರೆಸೋಣವೇ ಎಂದಳು. ಅವನ ಮಾತು ಕೇಳಿಯಾದರೂ ಕಾಕಾ ಕರಗಿಯಾರು ಎಂಬ ಆಸೆ ಅವಳಿಗೆ.

ಯಲ್ಲಾಲಿಂಗನಿಗೆ ಬೇರೆಯೇ ಆಸೆ ಹುಟ್ಟಿತು. ವಿದೇಶಿ ಅತಿಥಿ! ಮರುದಿನವೇ ಹುಕ್ಕೇರಿಗೆ ಹೋಗಿ ಬ್ಯಾನರ್ ಮಾಡಿಸಿಕೊಂಡು ಬಂದ. ಅದರಲ್ಲಿ ಅತಿಥಿಯ ಮುಖ ಲಿಂಬೆಹಣ್ಣಿನಷ್ಟು, ಇವನದು ಕುಂಬಳಕಾಯಿಯಷ್ಟು. ಅತಿಥಿಗೆ ಶಾಲು ಹೊದಿಸುವುದು ನಮ್ಮ ಕಡೆಯ ಪದ್ಧತಿ. ಇವನು ಅದನ್ನೂ ತಿರುಗುಮುರುಗು ಮಾಡಿ, ಅತಿಥಿಯಿಂದ ತನಗೇ ಸತ್ಕಾರವೆಂದು ಕಾರ್ಯಕ್ರಮ ಬರೆಸಿದ. ನಾಚಿಕೆ ಎಂಬುದು ಆ ಮನುಷ್ಯನ ಓಣಿಗೇ ಬಂದಿರಲಿಲ್ಲ.

ಸಭೆಯ ದಿನ ವೇದಿಕೆಯ ಮೇಲೆ ನರೆಗೆ ಕಪ್ಪು ಹಚ್ಚಿದ ಹಿರಿಯರೇ ಸಾಲಾಗಿ ಕೂತರು. ಹುಡುಗರು ಹಿಂದುಗಡೆ ಚಹಾದ ಕೆಟಲಿಗಳ ಹತ್ತಿರ ನಿಂತರು. ಹಾಡಿದ್ದೇ ಹಾಡೋ ಕಿಸಬಾಯಿ ದಾಸನಂತೆ ಯಲ್ಲಾಲಿಂಗ ತನ್ನ ಸೇವೆಯ ಕಥೆಯನ್ನು ಮತ್ತೊಮ್ಮೆ ಹಾಡಿದ. ಆಮೇಲೆ ಎಬೆನೆಜರ್ ಎದ್ದ. ಅವನ ಇಂಗ್ಲಿಷನ್ನು ವಿಜಯಶ್ರೀ ಕನ್ನಡ ಮಾಡಿದಳು. ತಮ್ಮೂರಲ್ಲೂ ಮೊದಲು ಹಿರಿಯರೇ ಮೈಕು ಹಿಡಿಯುತ್ತಿದ್ದರು, ಅವರು ವೇದಿಕೆ ಇಳಿದ ಮೇಲೆ ಸಂಘ ಬೆಳೆಯಿತು ಎಂದ. ಎಂಥ ದೊಡ್ಡ ಮನಸ್ಸಿನವರಪ್ಪ ಆ ಹಿರಿಯರು ಎಂದು ಯಲ್ಲಾಲಿಂಗ ತಲೆದೂಗಿದ. ತನಗೂ ಆ ಮಾತಿಗೂ ಸಂಬಂಧವಿದೆಯೆಂದು ಅವನಿಗೆ ಹೊಳೆಯಲೇ ಇಲ್ಲ.

ಕಾರ್ಯದರ್ಶಿ ಮಾಳಪ್ಪ ಕೂಗಿದ: “ಈಗ ಅತಿಥಿಗಳು ನಮ್ಮ ಯುವನಾಯಕರಿಗೆ ಶಾಲು ಹೊದಸ್ತಾರ!”

ವಿಜಯಶ್ರೀ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಯಲ್ಲಾಲಿಂಗ ಎದ್ದು ಕತ್ತು ಬಾಗಿಸಿ ನಿಂತ. ಎಬೆನೆಜರ್ ಶಾಲು ಹಿಡಿದು ವೇದಿಕೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಯುವಕರು ಯಾರೂ ಕಾಣಲಿಲ್ಲ. ತನಗೆ ಫೋನ್ ಮಾಡಿದವಳು, ಬಸ್ಸಿಳಿದಾಗ ಎದುರಿಗೆ ಬಂದವಳು, ಕುರ್ಚಿ ಹಾಕಿದವಳು ಎಲ್ಲ ಒಬ್ಬಳೇ. ಪಾಪದ ಹುಡುಗ ನಗುತ್ತ ಹೋಗಿ ವಿಜಯಶ್ರೀಯ ಹೆಗಲಿಗೆ ಶಾಲು ಹೊದಿಸಿಬಿಟ್ಟ.

ಹಿಂದಿನ ಹುಡುಗರ ಚಪ್ಪಾಳೆಗೆ ಹಾಲ್ ನಡುಗಿತು. ಬಾಗಿದ ಕತ್ತು ಬಾಗಿದಂತೆಯೇ ಇತ್ತು. ಇಂಗು ತಿಂದ ಮಂಗನಂತಾದ ಯಲ್ಲಾಲಿಂಗ.

ಹುಡುಗಿ ಗಾಬರಿಯಾಗಿ ಶಾಲು ತೆಗೆದಳು. “ಕಾಕಾ, ತಪ್ಪು ತಿಳಕೊಬ್ಯಾಡ್ರಿ. ಇದು ನಿಮ್ದರಿ.”

ಇರಲಿ ತಂಗಿ, ನಿನಗೇ ಒಪ್ಪುತ್ತದೆ ಎಂದಿದ್ದರೆ ಆ ಒಂದು ಮಾತಿನಲ್ಲಿ ಅವನ ಮಾನವೂ ಉಳಿಯುತ್ತಿತ್ತು, ಸಂಘವೂ ಉಳಿಯುತ್ತಿತ್ತು. ಆ ಪುಣ್ಯಾತ್ಮ ಏನು ಮಾಡಿದ ಗೊತ್ತೆ? ಶಾಲು ಕಸಿದುಕೊಂಡು ತಾನೇ ಹೊದ್ದುಕೊಂಡು ಫೋಟೋಕ್ಕೆ ನಿಂತ.

ಮುಂದಿನ ಶನಿವಾರ ಹುಡುಗಿಗೆ ಬುದ್ಧಿ ಹೇಳಬೇಕೆಂದು ಸಂಘದ ಸಭೆ ಕರೆದ. ಒಂದು ನರಪಿಳ್ಳೆಯೂ ಬರಲಿಲ್ಲ. ಹುಡುಗರೆಲ್ಲ ಮಮದಾಪುರದಲ್ಲಿ, ವಿಜಯಶ್ರೀಯ ಅಂಗಳದಲ್ಲಿ ಕೂಡಿದ್ದಾರೆಂದು ತಿಳಿಯಿತು. ಉರಿಯುತ್ತ ಮನೆಗೆ ಬಂದರೆ ಹೆಂಡತಿ ಇಂದ್ರವ್ವ ಒಳ್ಳೆಯ ಸೀರೆ ಉಟ್ಟು ಚಪ್ಪಲಿ ಮೆಟ್ಟುತ್ತಿದ್ದಳು.

“ಎಲ್ಲಿಗೆ ಹೊಂಟಿ?”

“ಮಮದಾಪುರಕ್ಕ. ಹಳೇ ಹಾಡು ಕಲಸಾಕ ಬರ್ರಿ ಅಂತ ಹುಡುಗ್ರು ಕರದಾರ.”

“ಅಜ್ಜಿ ಆಗೀದಿ, ಖಬರ ಐತಿಲ್ಲೋ? ನಿನಗ ಯುವಜನ ಸಂಘದಾಗ ಏನ ಕೆಲಸ?”

ಇಂದ್ರವ್ವ ಅವನ ಮುಖವನ್ನೇ ಒಂದು ಗಳಿಗೆ ನೋಡಿ ಹೊರಟುಹೋದಳು. ತಾನು ಕೇಳಿದ್ದು ಯಾರಿಗೆ ಬಡಿಯಿತು ಎಂಬುದು ಯಲ್ಲಾಲಿಂಗನಿಗೆ ತಿಳಿಯುವಷ್ಟರಲ್ಲಿ ಅವಳ ಬಸ್ಸು ಮೂಡಲಗಿ ದಾಟಿತ್ತು.