ಐದು ದಾದಾ, ಒಂದೇ ಖಾತೆ

ಗೆಳೆಯರೇ, ಮಲ್ಲಣ್ಣನವರ ಗೊಬ್ಬರದಂಗಡಿಯ ಐದು 'ದಾದಾ' ಖಾತೆಗಳು ಮತ್ತೆ ಬೇರೆ ಬೇರೆಯಾಗಿವೆ. "ದಾದಾಗಳ ಲೆಕ್ಕ ಕೂಡಿ ಬಂತು ತಮ್ಮಾ" ಎಂದು ಈಗಷ್ಟೇ ಫೋನ್ ಮಾಡಿದವರು ಅವರ ಹೆಂಡತಿ ಶಾಂತಕ್ಕ. ನನಗೆ ಜೀವ ಬಂತು.

ವರ್ಷವರ್ಷವೂ ಹಣ ಕೇಳುವ ಕಂಪನಿ ಸಾಫ್ಟ್‌ವೇರ್ ಬಿಡಿಸಿ, ಇವತ್ತು ಬೆಳಿಗ್ಗೆ ಲೆಕ್ಕವನ್ನೆಲ್ಲ ಪುಕ್ಕಟೆ ಸಿಗುವ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗೆ ಸಾಗಿಸಿದವನು ನಾನೇ. ನಿರಾಶ್ರಿತರ ಪುನರ್ವಸತಿಯ ಆರ್.ಎಚ್. ಕ್ಯಾಂಪಿನ ಬಂಗಾಲಿ ಗಿರಾಕಿಗಳೆಲ್ಲ ಸಿಂಧನೂರಿನವರ ಬಾಯಲ್ಲಿ 'ದಾದಾ', ಅಂದರೆ ಅಣ್ಣ. ಹಳೆಯ ಸಾಫ್ಟ್‌ವೇರ್‌ನಲ್ಲಿ ಒಂದೇ ಹೆಸರಿನ ಎರಡು ಖಾತೆ ತೆರೆಯಲು ಬಾರದ್ದರಿಂದ ಮಲ್ಲಣ್ಣ ಒಬ್ಬ ದಾದಾನ ಹೆಸರಿನ ಮುಂದೆ ಒಂದು ಚುಕ್ಕಿ, ಇನ್ನೊಬ್ಬರ ಮುಂದೆ ಎರಡು, ಹೀಗೆ ಇಟ್ಟಿದ್ದರು. ಸಾಗಿಸುವಾಗ ಚುಕ್ಕಿಗಳು ಅಳಿಸಿಹೋಗಿ, ಐವರ ಬಾಕಿಯೂ ಒಬ್ಬರ ತಲೆಗೆ ಬಂತು.

"ಪುಕ್ಕಟೆ ಅಂದ್ರ ಹಿಂಗ ಆಗ್ತೈತಿ ನೋಡು!" ಎಂದರು ಮಲ್ಲಣ್ಣ.

"ಹೆಸರು ಕೇಳಿ ಬರಕೊಂಡಿದ್ರ ಏನಾಗ್ತಿತ್ರೀ?" ಅಂದೆ.

ಹಳೆಯ ಸಾಫ್ಟ್‌ವೇರ್‌ನ ಲೈಸೆನ್ಸ್ ಮುಗಿಯಲು ಇನ್ನೂ ಎರಡು ದಿನ ಇತ್ತು. ಅದೇ ನಮ್ಮನ್ನು ಉಳಿಸಿತು. ಅದನ್ನು ತೆರೆದಿಟ್ಟುಕೊಂಡು ಒಬ್ಬೊಬ್ಬರಿಗೂ ಫೋನ್ ಮಾಡಿ ಹೆಸರು ಕೇಳಿದೆವು. ಮೂರು ಚುಕ್ಕಿಯ ದಾದಾ ನಕ್ಕುಬಿಟ್ಟರು: "ಹನ್ನೆರಡು ವರ್ಷ ಆತು ಅಣ್ಣಾ, ಇವತ್ತು ಹೆಸರು ಕೇಳಾಕತ್ತೀರಿ!"

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ, ಹೀಗೇ ಚುಕ್ಕಿ ಅಳಿಸಿ ಒಂದಾಗಿರುವ ಒಂಬತ್ತು ಮಂದಿ 'ಗೌಡ್ರ' ಹೆಸರು ಕೇಳುವುದಿದೆ.