ಟಿ.ಸಿ. ಕೇಳಲು ಹೋದ ದಿನ

ಎಂಜಿನಿಯರಿಂಗ್ ಸೇರಿ ಎರಡು ತಿಂಗಳಾಗುವಷ್ಟರಲ್ಲಿ ಕಾಲೇಜು ಬಿಡುವುದೆಂದು ನಿಶ್ಚಯಿಸಿದ್ದೆ. ಗಡಿನಾಡಿನ ಅಡೂರಿನ ಆಚೆಗಿನ ನಮ್ಮ ಕಾಲನಿಯಿಂದ ಇಷ್ಟು ಓದಲು ಹೊರಟವರು ನನಗಿಂತ ಮೊದಲು ಯಾರೂ ಇರಲಿಲ್ಲ. ಅಮ್ಮ ಬೀಡಿ ಕಟ್ಟುತ್ತಿದ್ದಳು. ನಾನು ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಮೆಕ್ಯಾನಿಕಲ್ ತರಗತಿಯಲ್ಲಿ ಹುಡುಗಿಯರು ಮೂವರೇ. ಪಾಠ ಇಂಗ್ಲಿಷಿನಲ್ಲಿ, ಸಂಶಯ ಕೇಳಿದರೆ ಉತ್ತರ ಮಲಯಾಳದಲ್ಲಿ. ನನಗೆ ಎರಡೂ ಅರೆಬರೆ. ಡ್ರಾಯಿಂಗ್ ತರಗತಿಯಲ್ಲಂತೂ ಬರೀ ಗೆರೆ ಕಾಣುತ್ತಿತ್ತು, ವಸ್ತು ಕಾಣುತ್ತಿರಲಿಲ್ಲ. ಒಂದು ದಿನ ಸರ್ ನನ್ನ ಹಾಳೆಯನ್ನು ಎತ್ತಿ ನೋಡಿ, ಮಗುಚಿ ಇಟ್ಟು ಮುಂದಿನ ಬೆಂಚಿಗೆ ಹೋದರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಮರುದಿನ ಆಫೀಸಿಗೆ ಹೋಗಿ ಟಿ.ಸಿ.ಯ ಅರ್ಜಿ ಕೇಳಿದೆ. ಕೊಟ್ಟ ಫಾರಂ ಪೂರ್ತಿ ಮಲಯಾಳದಲ್ಲಿತ್ತು. ನನಗೆ ಆ ಅಕ್ಷರ ಬಾರದು. ಪಕ್ಕದಲ್ಲಿ ನಿಂತಿದ್ದ ಸೀನಿಯರ್ ಹುಡುಗಿಯೊಬ್ಬಳು ಫೋನಿನಲ್ಲಿ ತುಳು ಮಾತಾಡುವುದು ಕೇಳಿಸಿತು. ಕನ್ನಡವೂ ಬಂದೀತೆಂದು ಧೈರ್ಯ ಮಾಡಿ, "ಅಕ್ಕ, ಇದನ್ನು ಒಮ್ಮೆ ಓದಿ ಹೇಳ್ತೀರಾ?" ಎಂದೆ.

ಅವಳು ಓದುತ್ತಾ ಹೋಗಿ ನಡುವೆ ನಿಲ್ಲಿಸಿದಳು. "ಬಿಡುವ ಕಾರಣ ಅಂತ ಉಂಟು ಇಲ್ಲಿ. ಎಂತ ಬರೆಯುವುದು?"

"ನಂಗೆ ಕ್ಲಾಸಲ್ಲಿ ಎಂತದೂ ಅರ್ಥ ಆಗುದಿಲ್ಲ ಅಕ್ಕ."

"ಅಷ್ಟೇಯಾ ಮಾರಾಯ್ತಿ? ನಂಗೂ ಆಗ್ತಿರ್ಲಿಲ್ಲ. ಶನಿವಾರ ನಮ್ಮ ಕೂಟಕ್ಕೆ ಬಾ. ಮತ್ತೆಯೂ ಬಿಡ್ಲೇಬೇಕು ಅಂತ ಕಂಡ್ರೆ ನಾನೇ ತುಂಬಿಸಿ ಕೊಡ್ತೇನೆ." ಫಾರಂ ಅವಳ ಚೀಲ ಸೇರಿತು.

ಶನಿವಾರ ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಇದ್ದರು. ನನ್ನಂತೆ ಕಾಲನಿಗಳಿಂದ ಬಂದವರು, ಕನ್ನಡದಲ್ಲಿ ಕಲಿತವರು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ವಿದ್ಯಾರ್ಥಿಗಳೇ ಕಟ್ಟಿಕೊಂಡ ಕೂಟ ಅದು. ದೊಡ್ಡವರು ಸಣ್ಣವರಿಗೆ ಹೇಳಿಕೊಡಬೇಕು. 'ಇದೂ ಗೊತ್ತಿಲ್ಲವಾ' ಎಂದು ಯಾರೂ ಕೇಳುವಂತಿಲ್ಲ.

ಅಕ್ಕ ಬಟ್ಟೆ ಒಗೆಯುವ ಸೋಪನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು ನನ್ನ ಕೈಗಿಟ್ಟಳು. "ಮೇಲಿಂದ ನೋಡು, ಎಂತ ಕಾಣ್ತದೆ? ಈಗ ಎದುರಿಂದ? ಕಂಡದ್ದನ್ನು ಮಾತ್ರ ಬರಿ."

ಮೂರು ಸಲ ತಪ್ಪಿದೆ. ನಾಲ್ಕನೆಯ ಸಲ ಹಾಳೆಯ ಗೆರೆಗಳು ಒಟ್ಟಾಗಿ ಸೋಪೇ ಆದವು. ನನಗೆ ನಗು ಬಂತು. ಕಾಲೇಜು ಸೇರಿದ ಮೇಲೆ ಅಲ್ಲಿ ನಕ್ಕದ್ದು ಅದೇ ಮೊದಲು.

ಆಮೇಲೆ ಶನಿವಾರ ತಪ್ಪಿಸಲಿಲ್ಲ, ಫಾರಂ ವಾಪಸು ಕೇಳಲೂ ಇಲ್ಲ. ವೈವಾ ಎಂಬ ಮೌಖಿಕ ಪರೀಕ್ಷೆಯ ತಯಾರಿಗೆ ಕೂಟದ ದೊಡ್ಡವರೇ ಪರೀಕ್ಷಕರಾಗಿ ಕುಳಿತು ನನ್ನಿಂದ ಇಂಗ್ಲಿಷಿನಲ್ಲಿ ಉತ್ತರ ಹೇಳಿಸಿದರು. ನಿಜವಾದ ವೈವಾದ ದಿನ ವರ್ಕ್‌ಶಾಪಿನ ಲೇತ್ ಯಂತ್ರದ ಮುಂದೆ ನಿಂತಾಗ ವಾಕ್ಯಗಳು ತುಂಡುತುಂಡಾದವು. ಆದರೆ ಬಾಯಿ ಮುಚ್ಚಲಿಲ್ಲ.

ಸೆಮಿಸ್ಟರಿನ ಫಲಿತಾಂಶ ಬಂದಾಗ ಬಸ್ಸಿನಲ್ಲಿದ್ದೆ. ಡ್ರಾಯಿಂಗ್ ಸೇರಿ ಎಲ್ಲದರಲ್ಲೂ ಪಾಸು. ಫೋನನ್ನು ಎದೆಗೊತ್ತಿಕೊಂಡು ಕಿಟಕಿಗೆ ಒರಗಿದೆ. ಎಷ್ಟೋ ವಾರಗಳ ನಿದ್ದೆ ಒಮ್ಮೆಲೇ ಬಂದಿರಬೇಕು. ಕಂಡಕ್ಟರ್ ಎಬ್ಬಿಸಿದಾಗ ನಮ್ಮ ಸ್ಟಾಪು ದಾಟಿಯಾಗಿತ್ತು. "ಎಲ್ಲಿ ಇಳೀಲಿಕ್ಕೆ ಉಂಟು ನಿಂಗೆ?" ಎಂದು ಅವರು ಗದರಿದರು.

ಇಳಿದು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದೆ. ಇನ್ನೂ ಬೆಳಕಿತ್ತು. ಅವಸರವೇನೂ ಇರಲಿಲ್ಲ.